ಗಾಣದ ಮನೆಯ ಆರು ಬೆಳಕಿಂಡಿ

ಮೊದಲನೆಯ ಹನಿ ನನ್ನ ಕತ್ತಿನ ಮೇಲೆ ಬಿತ್ತು. ಬಿಸಿಯಾಗಿತ್ತು. ಎರಡನೆಯದು ಅಂಗಿಯ ತೋಳಿನ ಮೇಲೆ ಬಿದ್ದು ಕಂದು ಕಲೆಯಾಯಿತು. ಹೊರಗೆ ಚಳಿಗಾಲದ ಒಣ ಬಿಸಿಲು, ಆಕಾಶದಲ್ಲಿ ಅಂಗೈಯಷ್ಟು ಮೋಡವಿಲ್ಲ. ಒಳಗೆ ಮಾತ್ರ ಮಳೆ, ಅದೂ ಬಿಸಿ ಕೆಸರಿನ ಮಳೆ. ನಾನು ಬಾಗಿಲಲ್ಲೇ ಬೆಪ್ಪಾಗಿ ನಿಂತೆ. ಓವರ್ಸಿಯರ್ ಪರೀಕ್ಷೆ ಪಾಸಾಗಿ, ರೋಣದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮನೆಯೊಂದು ತನ್ನೊಳಗೆ ತಾನೇ ಮಳೆ ಸುರಿಸಿಕೊಳ್ಳುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಒಳಗ ಬಾ ಅಳಿಯಾ," ಎಂದು ಉಗಿಯೊಳಗಿಂದ ನನ್ನ ಸೋದರಮಾವನ ದನಿ ಬಂತು. "ಬೂಟ್ ಹೊರಗ ಬಿಡು. ಕೊಪ್ಪರಗಿ ಕಾಯಾಕತ್ತೈತಿ."

ಬೆಲ್ಲ ಕಾಸುವ ಜಾಗಕ್ಕೆ ನಮ್ಮಲ್ಲಿ ಯಾರೂ ಕಾಲಲ್ಲಿ ಮೆಟ್ಟಿಕೊಂಡು ಹೋಗುವುದಿಲ್ಲ, ಅದು ದೇವರ ಮನೆಯಷ್ಟೇ ಮಡಿ. ನನ್ನ ಬೂಟಿನದೇ ಒಂದು ಕತೆ. ಮೊದಲ ಪಗಾರದಲ್ಲಿ ಹುಬ್ಬಳ್ಳಿಯಲ್ಲಿ ಕೊಂಡು, ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಸಿಕೊಂಡಿದ್ದೆ. ನಡೆದರೆ ಓಣಿಗೆಲ್ಲ ಕೇಳಬೇಕು, ಅದು ಆಸೆ. ಮಾವನ ತಾಯಿ, ಎಂದರೆ ನನ್ನ ಅಜ್ಜಿ, ಹಿಂದಿನ ಸಂಜೆ ಅದನ್ನು ನೋಡಿದ್ದೇ, "ನಮ್ಮ ಎತ್ತಿಗೂ ಲಾಳ, ನಮ್ಮ ಮೊಮ್ಮಗಗೂ ಲಾಳ," ಎಂದು ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ಮಾಳಗಿ ಮ್ಯಾಲ ಮಾತ್ರ ಇದನ್ನ ಹಾಕ್ಕೊಂಡು ಅಡ್ಡಾಡಬ್ಯಾಡ. ಮಣ್ಣಾಗ ತೂತು ಬಿದ್ದು ಸೋರ್ತೈತಿ," ಎಂದು ತಾಕೀತು ಮಾಡಿದ್ದಳು.

ಆಗ ನಮ್ಮ ತಾಲ್ಲೂಕುಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದವು. ಜೋಳ, ಹತ್ತಿ ಬಿಟ್ಟರೆ ನಮ್ಮ ಕರಿಮಣ್ಣಿಗೆ ಬೇರೆ ಗೊತ್ತಿರಲಿಲ್ಲ. ಕೊಣ್ಣೂರಿನಲ್ಲಿ ಹೊಳೆಯ ದಂಡೆಗೆ ಹೊಲವಿದ್ದ ನಾಲ್ಕಾರು ಜನ ಮಾತ್ರ ಕಬ್ಬು ಹಚ್ಚುತ್ತಿದ್ದರು, ಮಾವ ಅವರಲ್ಲೊಬ್ಬ. ಹಿಂದಿನ ವರ್ಷ ಅವನ ಗಾಣವಿದ್ದದ್ದು ಹುಲ್ಲಿನ ಚಪ್ಪರದಲ್ಲಿ. ಒಲೆಯ ಕಿಡಿ ಹಾರಿ ಚಪ್ಪರ ಸುಟ್ಟುಹೋಯಿತು. ಸಿಟ್ಟಿನಲ್ಲಿ ಮಾವ ಈ ಸಲ ಕಲ್ಲಿನ ಗೋಡೆ ಎಬ್ಬಿಸಿ, ಮೇಲೆ ತೊಲೆ, ಜಂತಿ ಹಾಕಿ, ಹಾಳೂರ ದಿಬ್ಬದ ಬಿಳಿ ಮಣ್ಣು ತಂದು ಮೊಣಕಾಲುದ್ದ ಮೆತ್ತಿಸಿ ಮಟ್ಟಸ ಮಣ್ಣಿನ ಚಾವಣಿಯ ಪಕ್ಕಾ ಮಾಳಿಗೆ ಮನೆ ಕಟ್ಟಿಸಿದ್ದ. ನಮ್ಮ ಸೀಮೆಯ ಜನಕ್ಕೆ ಗೊತ್ತಿದ್ದದ್ದು ಅದೊಂದೇ ಮನೆ. ದನಕ್ಕೂ ಅದೇ, ದೇವರಿಗೂ ಅದೇ, ಈಗ ಬೆಲ್ಲಕ್ಕೂ ಅದೇ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ದಿನಕ್ಕೆ ನಾಲ್ಕು ಸಲ ಕೊಪ್ಪರಿಗೆ ತುಂಬ ನೀರು ಉಗಿಯಾಗಿ ಏಳುವ ಕಡೆ ಅದು ಏನಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಉಗಿ ಮೇಲೇರಿ, ತಣ್ಣನೆ ಮಣ್ಣಿಗೆ ತಾಗಿ, ನೀರಾಗಿ, ಆ ಮಣ್ಣನ್ನೇ ಕಲಸಿಕೊಂಡು ಬೆಲ್ಲದೊಳಕ್ಕೆ ಬೀಳುತ್ತಿತ್ತು.

ಮೆಲ್ಲಗೆ ಒಳಗೆ ಹೆಜ್ಜೆ ಇಟ್ಟೆ. ಎರಡು ಮೊಳದಾಚೆ ಏನೂ ಕಾಣುತ್ತಿರಲಿಲ್ಲ. ಕಾಲಿನಿಂದ ನೆಲ ತಡವುತ್ತ ಹೋಗುತ್ತಿದ್ದಾಗ ಯಾರೋ ನನ್ನ ಎದೆಗೆ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂದರ್ರಿ ಸಾಹೇಬ್ರ. ಇನ್ನೊಂದು ಹೆಜ್ಜಿ ಇಟ್ಟಿದ್ರ ನೀವೂ ಬೆಲ್ಲ ಆಗ್ತಿದ್ರಿ."

ಬಗ್ಗಿ ನೋಡಿದೆ. ನನ್ನ ಹೆಬ್ಬೆರಳಿನಿಂದ ಗೇಣು ದೂರದಲ್ಲಿ ನೆಲದ ಮಟ್ಟಕ್ಕೆ ಕೊಪ್ಪರಿಗೆಯ ಅಂಚು. ಅದರೊಳಗೆ ಕೊತಕೊತ ಕುದಿಯುವ ಪಾಕ.  ಒಲೆಯನ್ನು ನೆಲದೊಳಗೆ ತೋಡಿ, ಕೊಪ್ಪರಿಗೆಯನ್ನು ನೆಲಕ್ಕೆ ಸಮನಾಗಿ ಕೂಡಿಸುತ್ತಾರೆಂದು ಗೊತ್ತಿತ್ತು. ಅದು ಕಾಣದಂತಾಗುತ್ತದೆ ಎಂದು ಗೊತ್ತಿರಲಿಲ್ಲ.

ಕೈ ಅಡ್ಡ ಹಿಡಿದವನು ಬೆಲ್ಲ ಕಾಸುವ ಕಾಕಾ. ಗೋಕಾಕದ ಕಡೆಯ ಸಣಕಲು ಮುದುಕ. ಸುಗ್ಗಿಗೆ ಬರುತ್ತಿದ್ದ, ಸುಗ್ಗಿ ಮುಗಿದರೆ ಹೋಗುತ್ತಿದ್ದ. ಎಲ್ಲರಿಗೂ ಅವನು ಕಾಕಾನೇ. ಪಾಕ ಬಂತೋ ಇಲ್ಲವೋ ಎಂದು ಬೇರೆಯವರು ನೀರಲ್ಲಿ ಹಾಕಿ ಉಂಡೆ ಕಟ್ಟಿ ನೋಡಿದರೆ, ಇವನು ಕಣ್ಣು ಮುಚ್ಚಿ ಕಿವಿಗೊಟ್ಟು ನಿಲ್ಲುತ್ತಿದ್ದ. ಗುಳ್ಳೆ ಒಡೆಯುವ ಸಪ್ಪಳ ಬದಲಾಗುತ್ತಲೇ "ಎತ್ರಿ!" ಎನ್ನುತ್ತಿದ್ದ. ನಾಲ್ಕು ಆಳು ಬೊಂಬು ತೂರಿಸಿ ಕೊಪ್ಪರಿಗೆಯನ್ನು ಎತ್ತಿ ಕಲ್ಲಿನ ತೊಟ್ಟಿಗೆ ಸುರಿಯುತ್ತಿದ್ದರು. ಹೊತ್ತು ಸ್ವಲ್ಪ ತಪ್ಪಿದರೂ ಬೆಲ್ಲ ಕರಕಲು.

ಅವತ್ತಿನ ಕೊಪ್ಪರಿಗೆ ಇಳಿದ ಮೇಲೆ ಕಾಕಾ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದ: "ನೋಡ್ರಿ, ಪಾಕದ ಸಪ್ಪಳ ನನ್ನ ಕಿವಿಗೆ ಗೊತ್ತಾಗ್ತೈತಿ. ಕಾಲ್ ಎಲ್ಲಿ ಇಡಬೇಕನ್ನೂದು ಕಿವಿಗೆ ಹ್ಯಾಂಗ ಗೊತ್ತಾಗಬೇಕು? ಇನ್ನ ಒಂದು ವಾರ ನೋಡ್ತೀನಿ. ಹಿಂಗ ಇದ್ರ ನಮ್ಮೂರಿಗೆ ಹೊಂಟೆ. ಬೆಲ್ಲಕ್ಕ ಮುದುಕನ್ನ ಹಾಕೂದು ಯಾವ ಶಾಸ್ತ್ರದಾಗೂ ಇಲ್ಲ."

ಮಾವ ನನ್ನ ಮುಖ ನೋಡಿದ. ಕಡಿಯಬೇಕಾದ ಕಬ್ಬು ಹೊಲದಲ್ಲಿ ಆಳೆತ್ತರ ನಿಂತಿತ್ತು. "ಓದಿದಾವ ಅಂತ ಕರಸೀನಿ ನಿನ್ನ," ಎಂದ.

ನಾನು ಎರಡು ದಿನ ಬೇರೆ ಕೆಲಸ ಮಾಡಲಿಲ್ಲ. ಒಲೆ ಆರಿದಾಗ ಏಣಿ ಹಚ್ಚಿ ಜಂತಿ ಮುಟ್ಟಿ ನೋಡಿದರೆ ತೋಯ್ದ ರೊಟ್ಟಿಯಂತೆ ಮೆತ್ತಗಾಗಿದ್ದವು. ಸಗಣಿಯ ಹಸಿ ಕುಳ್ಳು ಹೊತ್ತಿಸಿ ಹೊಗೆ ಎತ್ತ ಹೋಗುತ್ತದೆಂದು ಕೂತು ನೋಡಿದೆ. ನೇರ ಮೇಲೇರಿ, ಮಾಳಿಗೆಗೆ ಹಾಯ್ದು, ನಾಲ್ಕೂ ಗೋಡೆ ಸುತ್ತಿ, ದಾರಿ ಸಿಗದೆ ಮತ್ತೆ ನಮ್ಮ ಮುಖಕ್ಕೇ ಇಳಿಯುತ್ತಿತ್ತು. ಇದಕ್ಕೆ ಉತ್ತರ ಕೊಟ್ಟದ್ದು ನನ್ನ ಪುಸ್ತಕವಲ್ಲ, ಅಜ್ಜಿಯ ಅಡುಗೆಮನೆ. ಹಿತ್ತಲ ಬಾಗಿಲು ತೆರೆದಿದ್ದರೆ ಅವಳ ಒಲೆಯ ಹೊಗೆ ಮಾಳಿಗೆಯ ಬೆಳಕಿಂಡಿಯಿಂದ ಸರಕ್ಕನೆ ಹೊರಗೆ ಹೋಗುತ್ತಿತ್ತು. ಬಾಗಿಲು ಹಾಕಿದರೆ ಒಳಗೇ ಸುತ್ತುತ್ತಿತ್ತು. ಮೇಲೆ ದಾರಿ ಇದ್ದರೆ ಸಾಲದು, ಕೆಳಗಿನಿಂದ ಗಾಳಿಯೂ ಬರಬೇಕು.

ಆ ಲೆಕ್ಕ ಹಿಡಿದು ನಕ್ಷೆ ಬರೆದೆ. ಗೋಡೆಯ ಬುಡದಲ್ಲಿ ನಾಲ್ಕು ಕಿಂಡಿ. ಕೊಪ್ಪರಿಗೆಯ ನೆತ್ತಿಗೆ ಸರಿಯಾಗಿ ಮಾಳಿಗೆಯನ್ನು ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲ ತೆರೆದುಬಿಡುವುದು. ಅದರ ಮೇಲೆ ಗಿಡ್ಡ ಕಂಬಗಳ ಮೇಲೆ ತಗಡಿನದೊಂದು ಸಣ್ಣ ಮಾಡು, ಮಳೆ ಒಳಗೆ ಬೀಳದಷ್ಟು ಹೊರಚಾಚಿ, ನಾಲ್ಕೂ ಮಗ್ಗುಲು ಖುಲ್ಲಾ. ನಕ್ಷೆ ಎಷ್ಟು ಚೆಂದ ಬಂದಿತ್ತೆಂದರೆ ನಾನೇ ಅದನ್ನು ಹತ್ತು ಸಲ ನೋಡಿಕೊಂಡೆ.

ಸಂಜೆ ಮನೆಯಲ್ಲಿ ಬಿಚ್ಚಿ ತೋರಿಸಿದಾಗ ಮಾವ ತಲೆಯಾಡಿಸಿದ. ಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ ಕೇಳಿದಳು:

"ಮಾಳಗಿ ಎಷ್ಟು ಒಡೀಬೇಕಂತಿ?"

"ನಾಕು ಮೊಳ ಉದ್ದ ಅಜ್ಜಿ, ಎರಡು ಮೊಳ ಅಗಲ."

ಅಜ್ಜಿಯ ಕೈ ನಿಂತಿತು. "ಅಷ್ಟು ಅಳತಿ ಯಾತಕ್ಕ ಬೇಕಾಗ್ತೈತಿ ಅಂತ ಗೊತ್ತೈತೇನು ನಿನಗ?"

ಮಾವ ನೆಲ ನೋಡತೊಡಗಿದ. ನನಗೆ ಆಮೇಲೆ ನೆನಪಾಯಿತು. ನಮ್ಮಲ್ಲಿ ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಹೆಣವನ್ನು ತಲೆಬಾಗಿಲು ದಾಟಿಸುವುದಿಲ್ಲ. ಮಾಳಿಗೆಯನ್ನು ಆಳುದ್ದ ಒಡೆದು ಮೇಲಿನಿಂದ ಎತ್ತಿ ಒಯ್ಯುತ್ತಾರೆ; ಆಮೇಲೆ ಆ ಮನೆಯನ್ನು ಕೆಲವು ತಿಂಗಳು ಬಿಟ್ಟು ಇರುತ್ತಾರೆ. ನನ್ನ ಅಜ್ಜನನ್ನು ಹಾಗೇ ಒಯ್ದದ್ದು. ಓದಿದ ಮೊಮ್ಮಗ ಹೆಣದ ಅಳತೆಯನ್ನು ಹೊಸ ಶಾಸ್ತ್ರವೆಂದು ಆ ಅಜ್ಜನ ಹೆಂಡತಿಯ ಮುಂದೆಯೇ ಹಾಸಿ ತೋರಿಸಿದ್ದ.

"ನಿಮ್ಮ ಅಜ್ಜನ್ನ ಹಗ್ಗಾ ಕಟ್ಟಿ ಮ್ಯಾಲ ಎಳದದ್ದು ನಾ ಕೆಳಗ ನಿಂತು ನೋಡೀನಿ," ಎಂದಳು ಅಜ್ಜಿ. "ಬದುಕಿದ್ದಾವ್ರ ತಲಿ ಮ್ಯಾಲ ಅಂಥಾ ಕಿಂಡಿ ಬ್ಯಾಡ. ನಾ ಇರೂತನಕ ಬ್ಯಾಡ."

ನಾನು ವಾದ ಮಾಡಬೇಕಿತ್ತು. ಮಾಡಲಿಲ್ಲ. ಬದಲಿಗೆ ಜಾಣತನ ಮಾಡಿದೆ. ಬೆಳಕಿಂಡಿಗೆ ಯಾರ ಅಡ್ಡಿಯೂ ಇರಲಿಲ್ಲವಲ್ಲ. ಪ್ರತಿ ಮನೆಯ ಮಾಳಿಗೆಯಲ್ಲೂ ತಲೆ ಹಿಡಿಸುವಷ್ಟು ದುಂಡನೆಯ ಕಿಂಡಿ ಇರುತ್ತದೆ. ಗೋಡೆಯ ಬುಡದ ಕಿಂಡಿ ಹಾಗೇ ಇರಲಿ, ಮೇಲೆ ಒಂದು ದೊಡ್ಡದರ ಬದಲು ಆರು ಬೆಳಕಿಂಡಿ ಮಾಡುತ್ತೇನೆಂದೆ. ಅಜ್ಜಿ ಒಪ್ಪಿದಳು, ಒಂದು ಕರಾರಿನ ಮೇಲೆ: ಆರಕ್ಕೂ ಮುಚ್ಚಳ ಇರಬೇಕು. "ಮುಚ್ಚಳ ಇಲ್ಲದ ಬೆಳಕಿಂಡಿ ಯಾರ ಮನ್ಯಾಗ ಐತಿ?" ಎಂದು ಕೇಳಿದಳು. ಖರೇ ಮಾತು. ಬಡಿಗನಿಂದ ಆರು ಹಲಗೆಯ ಮುಚ್ಚಳ ಮಾಡಿಸಿ, ಮೇಲೆ ತಗಡು ಹೊಡೆಸಿ, ಒಂದೊಂದು ಬೆಳಕಿಂಡಿಯ ಪಕ್ಕಕ್ಕೆ ಒಂದೊಂದು ಇರಿಸಿದೆ.

ಮುಂದಿನ ಕೊಪ್ಪರಿಗೆ ಕುದಿಯಲು ಹತ್ತಿದಾಗ ನಾನು ಹೊಲದ ಬದುವಿನ ಮೇಲೆ ನಿಂತಿದ್ದೆ. ಆರು ಕಿಂಡಿಯಿಂದ ಆರು ಬಿಳಿ ಕಂಬದ ಹಾಗೆ ಉಗಿ ಎದ್ದಿತು. ಒಳಗೆ ಹೋದರೆ ಕೊಪ್ಪರಿಗೆಯ ಅಂಚು ಸುತ್ತಲೂ ಕಾಣುತ್ತಿತ್ತು, ಹನಿ ನಿಂತಿತ್ತು. ಕಾಕಾ ಮೇಲೆ ನೋಡಿ, ನನ್ನ ನೋಡಿ, ಬಿಸಿ ಬೆಲ್ಲದ ಒಂದು ಗುಕ್ಕು ಎಲೆಯ ಮೇಲೆ ಇಟ್ಟುಕೊಟ್ಟ. "ಊರಿಗೆ ಹೋಗೂದಿಲ್ಲ ಬಿಡ್ರಿ," ಎಂದ. ಸುದ್ದಿ ಹಬ್ಬಿ ಜನ ನೋಡಲು ಬಂದರು. ಗಾಣಕ್ಕೆ ಬಂದವರಿಗೆ ಹಾಲು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕಬ್ಬಿನ ಹಾಲು ಕುಡಿದು, ತಲೆಯೆತ್ತಿ ಉಗಿ ನೋಡಿ, "ಭಾಳ ಚಲೋ ತಲಿ ಓಡಿಸ್ಯಾನ," ಎಂದು ಹೋಗುತ್ತಿದ್ದರು. ನನ್ನ ರಜೆ ಮುಗಿದಿತ್ತು. ಹೊಗಳಿಕೆ ಕೇಳಲಿಕ್ಕೆಂದೇ ಇನ್ನೂ ನಾಲ್ಕು ದಿನ ರಜೆ ಬರೆದು ಕಳಿಸಿದೆ. ಅಂಥ ಕೋಡಂಗಿ ನಾನು.

ಬೆಳಕಿಂಡಿ ಮಾಡಿದ ಎಂಟನೆಯ ದಿನ ಮಧ್ಯಾಹ್ನ ಹೊಳೆಯ ಆಚೆ ಕಡೆ ಮೋಡ ಕಟ್ಟಿತು. ಅಕಾಲದ ಮೋಡ. ನಾನು ಗಾಣದ ಹೊರಗೆ, ಬೂಟು ಹಾಕಿಕೊಂಡು, ಬೇವಿನ ಗಿಡದ ಕೆಳಗೆ ಕೂತಿದ್ದೆ. ಒಳಗೆ ಕಾಕಾ ಮತ್ತು ನಾಲ್ಕು ಆಳು. ಮಾವ ಆಚೆ ಚಪ್ಪರದಲ್ಲಿ ಕಬ್ಬು ಹಿಂಡುವ ಎಂಜಿನ್ನಿನ ಹತ್ತಿರ ಕಬ್ಬು ಹಾಕಿಸುತ್ತಿದ್ದ. ಅಜ್ಜಿ ಆಗಷ್ಟೇ ಬುತ್ತಿ ತಂದು, ಗಿಡದ ಬುಡದಲ್ಲಿ ಗಂಟು ಬಿಚ್ಚುತ್ತಿದ್ದಳು. ಹನಿ ಬಿದ್ದವು. ಎರಡು, ನಾಲ್ಕು, ಹತ್ತು.

ನಮ್ಮ ಕಡೆ ಮಕ್ಕಳು ಮಾತು ಕಲಿಯುವ ಮೊದಲೇ ಇದನ್ನು ಕಲಿಯುತ್ತಾರೆ: ಹನಿ ಬಿದ್ದರೆ ಮಾಳಿಗೆ ಹತ್ತಬೇಕು, ಬೆಳಕಿಂಡಿ ಮುಚ್ಚಬೇಕು. ಉಣ್ಣುವ ತುತ್ತು ಬಿಟ್ಟು ಓಡಬೇಕು. ಜ್ವರ ಬಂದಿದ್ದರೂ ಓಡಬೇಕು. ಇಲ್ಲದಿದ್ದರೆ ನೆಲದೊಳಗಿನ ಹಗೇವಿನಲ್ಲಿ ತುಂಬಿದ ಜೋಳ ಹಾಳು, ಹಾಸಿಗೆ ಹಾಳು. ನಾನು ಹಾಗೆ ಸಾವಿರ ಸಲ ಓಡಿದವನು. ಅವತ್ತೂ ಓಡಿದೆ. ಏಣಿ ಹತ್ತಿದೆ, ಬಗ್ಗಿ ಬಗ್ಗಿ ಆರೂ ಮುಚ್ಚಳ ಎಳೆದು ಹಾಕಿದೆ, ಇಳಿದೆ, ಬದುವಿನ ಮೇಲೆ ಬಿಚ್ಚಿಟ್ಟಿದ್ದ ನನ್ನ ನಕ್ಷೆಯ ಸುರುಳಿ ತೋಯಬಾರದೆಂದು ಎಂಜಿನ್ನಿನ ಚಪ್ಪರಕ್ಕೆ ಓಡಿದೆ. ಕಿಂಡಿಯಿಂದ ಉಗಿ ಮುಖಕ್ಕೆ ಹೊಡೆದದ್ದು ನೆನಪಿದೆ. ಮುಖ ಆ ಕಡೆ ತಿರುಗಿಸಿ ಮುಚ್ಚಿದ್ದೂ ನೆನಪಿದೆ. ಆ ಕಿಂಡಿ ಯಾತಕ್ಕೆ ಮಾಡಿದ್ದೆ ಎಂಬುದೊಂದೇ ನೆನಪಿರಲಿಲ್ಲ. ಹುಟ್ಟಿದ ಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ನನ್ನ ಗುಣಕ್ಕೆ ಸುಟ್ಟುಕೊಂಡವನು ಮಾತ್ರ ಬೇರೆಯವನು.

ಚಪ್ಪರದಲ್ಲಿ ನಕ್ಷೆ ಒರೆಸುತ್ತ ನಿಂತಿದ್ದಾಗ ಕೂಗು ಕೇಳಿತು. ಅದು ಮನುಷ್ಯನ ಕೂಗು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಮಾವ ಓಡಿದ, ಅವನ ಹಿಂದೆ ನಾನು. ಗಾಣದ ಮನೆಯ ಬಾಗಿಲಿನಿಂದ ಉಗಿ ಗೋಡೆಯಂತೆ ಹೊರಗೆ ಬರುತ್ತಿತ್ತು. ಅದರೊಳಗಿಂದ ಇಬ್ಬರು ಆಳುಗಳು ಕಾಕಾನನ್ನು ಎತ್ತಿಕೊಂಡು ಬಂದರು. ಆದದ್ದಿಷ್ಟು: ಪಾಕ ಬರುವ ಹೊತ್ತಿಗೆ ಸರಿಯಾಗಿ ಒಳಗೆಲ್ಲ ಬೆಳ್ಳಗಾಗಿಬಿಟ್ಟಿತು. ಕಾಕಾ ಕಿವಿಯ ಮೇಲೇ ನಂಬಿಕೆಯಿಟ್ಟು "ಎತ್ರಿ" ಎಂದ. ನಾಲ್ವರು ಎತ್ತಿದರು, ಒಬ್ಬನಿಗೆ ಕಾಲಿಡುವ ಜಾಗ ಕಾಣದೆ ಅವನು ಹಿಂದೆ ಸರಿದ, ಕೊಪ್ಪರಿಗೆ ವಾಲಿತು, ಕುದಿಯುವ ಪಾಕ ಕಾಕಾನ ಎಡಗಾಲಿನ ಮೇಲೆ ಹರಿಯಿತು. ಬಿಸಿನೀರಾದರೆ ಜಾರಿ ಹೋಗುತ್ತದೆ. ಪಾಕ ಅಂಟಿಕೊಂಡು ಕೂತು ಸುಡುತ್ತದೆ. ಆ ಕಾಲನ್ನು ನಾನು ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

"ಬೆಳಕಿಂಡಿ ಯಾರ್ ಮುಚ್ಚಿದ್ರು?" ಎಂದು ಮಾವ ಚೀರಿದ, ಚೀರುತ್ತ ಮೇಲೆ ನೋಡಿದ. ಮಾಳಿಗೆಯ ಮೇಲೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಮುಚ್ಚಳ ಇತ್ತು.

ಕೂಗು ಕೇಳಿದ್ದೇ ತಡ ಅವಳು ಅಷ್ಟು ವಯಸ್ಸಿನಲ್ಲಿ ಏಣಿ ಹತ್ತಿ ತೆಗೆಯಲು ಹೋಗಿದ್ದಳು. ನನಗೆ ಅದು ತಕ್ಷಣ ಅರ್ಥವಾಯಿತು. ಮಾವನಿಗೆ ಅರ್ಥವಾದದ್ದು ಬೇರೆ.

"ಅವ್ವಾ! ಮುಚ್ಚಳ ಬೇಕು ಮುಚ್ಚಳ ಬೇಕು ಅಂತಿದ್ದಿ. ಈಗ ಸಮಾಧಾನ ಆತೇನು?"

ಅಜ್ಜಿ ನನ್ನ ಕಡೆ ನೋಡಿದಳು. ನಾನು ಓಡಿ ಹತ್ತಿದ್ದನ್ನು ಅವಳು ಗಿಡದ ಬುಡದಲ್ಲಿ ಕೂತು ನೋಡಿದ್ದಳು. ನಾನು ಬಾಯಿ ತೆರೆದೆ. ಸತ್ಯವಾಗಿ ತೆರೆದೆ.  ಅಷ್ಟು ಹೊತ್ತಿಗೆ ಮಾವ ಚಕ್ಕಡಿ ಹೂಡಲು ಓಡಿದ್ದ, ಅಜ್ಜಿ ಇಳಿದು ಬಂದು ಕಾಕಾನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಚಕ್ಕಡಿ ನರಗುಂದದ ದವಾಖಾನೆಗೆ ಹೊರಟಿತು. ಮಾವ ಹೊಡೆಯುತ್ತಿದ್ದ, ಹಿಂದೆ ಕಾಕಾ, ಅಜ್ಜಿ. ನನಗೆ ಜಾಗವಿರಲಿಲ್ಲ. ಇದ್ದರೂ ಹತ್ತುವ ಧೈರ್ಯವಿರಲಿಲ್ಲ.

ಆಳುಗಳೂ ಚಕ್ಕಡಿಯ ಹಿಂದೆ ಹೋದರು. ನಾನೊಬ್ಬನೇ ಉಳಿದೆ. ಮಳೆ ಹತ್ತು ಹನಿಗೇ ನಿಂತಿತ್ತು. ನೆಲ ಕೂಡ ನೆನೆದಿರಲಿಲ್ಲ. ಮಾಳಿಗೆ ಹತ್ತಿದೆ.  ಉಗಿಗೆ ಹಸಿಯಾದ ಮಣ್ಣಿನಲ್ಲಿ ಆರೂ ಬೆಳಕಿಂಡಿಯ ಸುತ್ತ ನನ್ನ ಬೂಟಿನ ಮೊಳೆಯ ಗುರುತು ಸಾಲಾಗಿ ಮೂಡಿತ್ತು. ಅದರ ಪಕ್ಕದಲ್ಲಿ ಅಜ್ಜಿಯ ಬರಿಗಾಲಿನ ಸಣ್ಣ ಹೆಜ್ಜೆ. ಯಾರು ಮೇಲೆ ಬಂದು ನೋಡಿದರೂ ಸಾಕಿತ್ತು, ಯಾರು ಮುಚ್ಚಿದರೆಂದು ಓದು ಬಾರದವರಿಗೂ ತಿಳಿಯುತ್ತಿತ್ತು.

ನಾನು ಮಂಡಿಯೂರಿ ಆ ಗುರುತುಗಳನ್ನು ಅಂಗೈಯಿಂದ ಸವರಿ ಅಳಿಸಿದೆ. ನನ್ನವನ್ನು ಮಾತ್ರ ಅಳಿಸಿದೆ, ಅಜ್ಜಿಯವನ್ನು ಬಿಟ್ಟೆ. ನಾನು ಅಂಥವನೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಕಾಕಾನ ಕಾಲು ನೋಡಿದಾಗ ಆದದ್ದಕ್ಕಿಂತ ದೊಡ್ಡ ಆಘಾತ ನನಗೆ ಆ ಮಣ್ಣು ಮೆತ್ತಿದ ಅಂಗೈ ನೋಡಿ ಆಯಿತು.

ಮರುದಿನ ಅಜ್ಜಿ ತಿರುಗಿ ಬಂದಳು. ಜೀವಕ್ಕೆ ಅಪಾಯವಿಲ್ಲ, ಕಾಲು ಉಳಿದೀತು, ಬೆರಳು ಹೇಳಲಾಗದು ಎಂದು ಡಾಕ್ಟರು ಹೇಳಿದ್ದರಂತೆ. ಸೀದಾ ಗಾಣದ ಮನೆಗೆ ಬಂದವಳು ಮೂಲೆಯಲ್ಲಿದ್ದ ಹಾರೆ ತಂದು ನನ್ನ ಕೈಗೆ ಕೊಟ್ಟಳು.

"ಒಡಿ."

"ಏನು ಅಜ್ಜಿ?"

"ಮಾಳಗಿ ಒಡಿ. ನಾಕು ಮೊಳ ಉದ್ದ, ಎರಡು ಮೊಳ ಅಗಲ. ಸತ್ತಾವ್ರನ್ನ ಹೊರಗ ಹಾಕಾಕ ಒಡೀತೀವಿ. ಇದ್ದಾವ್ರು ಇರಲಿ ಅಂತ ಒಡದ್ರ ಯಾವ ದೇವ್ರು ಬ್ಯಾಡ ಅಂತಾನ? ಮತ್ತ ಮುಚ್ಚಾಕ ಬರಬಾರ್ದು ನೋಡು, ಹಂಗ ಮಾಡು."

ಬೂಟು ಬಿಚ್ಚಿಟ್ಟು ಹತ್ತಿದೆ. ಮೊದಲ ಪೆಟ್ಟು ನಾನೇ ಹಾಕಿದೆ. ಅಜ್ಜಿ ಕೆಳಗೆ, ಅವತ್ತು ಗಂಡನನ್ನು ಎತ್ತಿದಾಗ ನಿಂತ ಹಾಗೆಯೇ ನಿಂತಿದ್ದಳೆಂದು ತೋರುತ್ತದೆ. ತೂತು ಬಿದ್ದು ಬೆಳಕು ಅವಳ ಮುಖದ ಮೇಲೆ ಇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಹಾರೆ ನಿಲ್ಲಿಸಿದೆ. "ನಿಂದರಬ್ಯಾಡ," ಎಂದಳು.

ಮುಂದಿನ ಎರಡು ತಿಂಗಳು ಶನಿವಾರ ಸಂಜೆ ರೋಣದಿಂದ ಬಂದು ಸೋಮವಾರ ಮುಂಜಾನೆ ಹೋಗುತ್ತಿದ್ದೆ. ಕಂಬ ನಿಂತವು, ತಗಡಿನ ಮಾಡು ಏರಿತು. ಯಾರು ಎಷ್ಟು ಓಡಿ ಹತ್ತಿದರೂ ಅದರಲ್ಲಿ ಮುಚ್ಚಲಿಕ್ಕೆ ಏನೂ ಇರಲಿಲ್ಲ. ಹಳೆಯ ಆರು ಕಿಂಡಿಗಳಿಗೆ ಮಣ್ಣು ಮೆತ್ತಿಸಿದೆ. ಅಷ್ಟೂ ದಿನ ಮಾವ ತನ್ನ ತಾಯಿಯ ಜೊತೆ ಮಾತಾಡಲಿಲ್ಲ. ಊಟಕ್ಕೆ ಅವಳು ಬಡಿಸಿದರೆ ತಲೆಯೆತ್ತುತ್ತಿರಲಿಲ್ಲ. ಓಣಿಯ ಹೆಂಗಸರು, "ವಯಸ್ಸಾತು, ತಿಳಿಯೂದಿಲ್ಲ," ಎಂದು ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಅವಳು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಅವಳ ಕೈಯಿಂದಲೇ ರೊಟ್ಟಿ ಹಾಕಿಸಿಕೊಂಡು ಉಂಡೆ. ಪ್ರತಿ ಶನಿವಾರ ಹೇಳಬೇಕೆಂದು ಬಂದು, ಪ್ರತಿ ಸೋಮವಾರ ಹೇಳದೆ ಹೋದೆ.

ಶಿವರಾತ್ರಿಗೆ ಹತ್ತು ದಿನವಿದ್ದಾಗ ಕಾಕಾ ಬಂದ. ಕೋಲು ಊರಿಕೊಂಡು ಬಂದ, ಎಡಗಾಲಿನ ಎರಡು ಬೆರಳಿರಲಿಲ್ಲ. ಉಳಿದ ಕಬ್ಬನ್ನು ಅವನಿಗಾಗಿಯೇ ಮಾವ ಕಾದಿರಿಸಿದ್ದ. ಒಲೆ ಹೊತ್ತಿಸಿದರು, ಕೊಪ್ಪರಿಗೆ ಕುದಿಯಿತು. ಉಗಿ ಒಂದೇ ಸಮನೆ ಮೇಲೆ ಎದ್ದು, ತಗಡಿನ ಕೆಳಗೆ ಎರಡಾಗಿ, ಎರಡೂ ಕಡೆಯಿಂದ ಹೊರಗೆ ಹೋಗುತ್ತಿತ್ತು. ಆ ವರ್ಷ ಹಾಳು ಮೋಡ ಬಿಡಲೇ ಇಲ್ಲ. ಅವತ್ತೂ ತಗಡಿನ ಮೇಲೆ ಟಪಟಪ ಹನಿ ಸದ್ದಾಯಿತು. ನನ್ನ ಕಾಲು ತಾವಾಗಿ ಎದ್ದವು. ಬಾಗಿಲತನಕ ಓಡಿದೆ ಕೂಡ. ಹಿಂದಿನಿಂದ ಕಾಕಾ ನಕ್ಕ.

"ಎಲ್ಲಿಗ್ರೀ ಸಾಹೇಬ್ರ? ಮುಚ್ಚಾಕ ಏನೂ ಇಲ್ಲಲ್ಲ ಈಗ."

ನಾನು ತಿರುಗಿದೆ. ಅವನು ಕೊಪ್ಪರಿಗೆಯ ಪಕ್ಕ, ಅಂಚು ಕಾಣುವಂತೆ, ಒಣ ನೆಲದ ಮೇಲೆ ನಿಂತಿದ್ದ.

"ಕಾಕಾ," ಎಂದೆ. "ಅವತ್ತು ಬೆಳಕಿಂಡಿ ಮುಚ್ಚಿದ್ದು ಅಜ್ಜಿ ಅಲ್ಲ. ನಾನು."

"ಗೊತ್ತೈತ್ರಿ," ಎಂದ, ಪಾಕ ಕೆದಕುವುದನ್ನು ನಿಲ್ಲಿಸದೆ. "ಬೂಟಿನ ಸಪ್ಪಳ ಕೇಳಿತ್ತು ನನಗ. ತಲಿ ಮ್ಯಾಲ ಆರು ಸಲ ಅಡ್ಡಾಡಿದ್ರಿ. ಅಜ್ಜಿ ಬರಿಗಾಲಿನಾಕಿ."

 ಪಾಕದ ಗುಳ್ಳೆಯ ಸಪ್ಪಳ ಕೇಳುವ ಕಿವಿಗೆ ನನ್ನ ಬೂಟು ಕೇಳದಿರುತ್ತದೆಯೇ? ಮಾಳಿಗೆಯ ಮೇಲಿನ ಗುರುತು ಅಳಿಸಿದವನಿಗೆ ಅದು ಹೊಳೆದಿರಲೇ ಇಲ್ಲ.

"ಮತ್ತ ಯಾಕ ಹೇಳ್ಲಿಲ್ಲ?"

"ಅಜ್ಜಿ ಬ್ಯಾಡ ಅಂದ್ರು. ಚಕ್ಕಡ್ಯಾಗ ಬಾಗಿ ನನ್ನ ಕಿವ್ಯಾಗ ಹೇಳಿದ್ರು. ಈಗ ಹೇಳಿದ್ರ ಹುಡುಗ ನಾಚಿ ಓಡಿ ಹೋಗ್ತಾನ. ಅವ ಹೋದ್ರ ಆ ಮಾಡು ಕಟ್ಟಾವ್ರು ಯಾರೂ ಇಲ್ಲ. ನೀ ಮತ್ತ ಬಂದು ಅದ ಉಗ್ಯಾಗ ನಿಂದರಬೇಕಾಗ್ತೈತಿ. ಬೈಸ್ಕೊಳ್ಳೂದು ನಾ ಬೈಸ್ಕೊಂತೀನಿ, ಅಂದ್ರು." ಅವನು ಪಾಕಕ್ಕೆ ಕಿವಿಗೊಟ್ಟು ಕೈಯೆತ್ತಿದ. "ಎತ್ರಿ!"

ನಾಲ್ವರೂ ನೋಡಿ ಹೆಜ್ಜೆ ಇಟ್ಟರು. ಒಂದು ಹನಿ ಚೆಲ್ಲಲಿಲ್ಲ.

ಬಾಗಿಲಲ್ಲಿ ಮಾವ ನಿಂತಿದ್ದ. ಎಲ್ಲವನ್ನೂ ಕೇಳಿದ್ದ. ನನ್ನನ್ನು ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚಲೋ ಇತ್ತು. ಅವನು ತಿರುಗಿ ಊರಿನ ಕಡೆ ನಡೆಯತೊಡಗಿದ. ನಡೆಯುತ್ತ ನಡೆಯುತ್ತ ಓಡಿದ. ನಾನು ಹೊರಗಿದ್ದ ಬೂಟು ಮೆಟ್ಟಿ ಅವನ ಹಿಂದೆ ಓಡಿದೆ.

ನಾವು ಅಂಗಳಕ್ಕೆ ಬಂದಾಗ ಅಜ್ಜಿ ಮನೆಯ ಮಾಳಿಗೆಯ ಮೇಲಿದ್ದಳು, ಅಡುಗೆಮನೆಯ ಬೆಳಕಿಂಡಿ ಮುಚ್ಚುತ್ತಿದ್ದಳು. ಮಾವ ಕೆಳಗೆ ನಿಂತು "ಅವ್ವಾ," ಎಂದ. ಎರಡು ತಿಂಗಳ ಮೇಲೆ ಅಂದ ಮೊದಲ ಮಾತು.  ನನ್ನ ಕಣ್ಣಲ್ಲಿ ನೀರು ನಿಂತು ಅಜ್ಜಿ ಮಸುಕಾಗಿ ಕಾಣುತ್ತಿದ್ದಳು. ಅವಳು ನಮ್ಮಿಬ್ಬರನ್ನೂ ಮೇಲಿನಿಂದ ನೋಡಿದಳು, ಮುಖ ನೋಡಿಯೇ ತಿಳಿದುಕೊಂಡಳು.

"ಏನ್ ನೋಡ್ಕೋತ ನಿಂತೀರಿ ಇಬ್ಬರೂ? ಹನಿ ಬೀಳಾಕತ್ತಾವ," ಎಂದಳು. ಆಮೇಲೆ ನನ್ನ ಕಾಲಿನ ಕಡೆ ನೋಡಿ, "ಬೂಟ್ ಬಿಚ್ಚಿ ಲಗೂ ಮ್ಯಾಲ ಬಾ. ಆ ಕಡೇದು ಮುಚ್ಚು," ಎಂದಳು.

ಬೂಟು ಬಿಚ್ಚಿ ಹತ್ತಿದೆ. ಆ ಬೂಟನ್ನು ಮತ್ತೆ ಹಾಕಲಿಲ್ಲ.